10 ವರ್ಷದ ಹುಡುಗಿ 38 ಕೆಜಿ: ತೂಕ ಜಾಸ್ತಿ ಅನ್ನಬೇಕಾ?

ದೈಹಿಕ ಶಿಕ್ಷಕ, ಸಿಂಧನೂರು:
5ನೇ ತರಗತಿ ಮಕ್ಕಳ ಎತ್ತರ, ತೂಕ ಬರ್ಕೊಳ್ಳಾಕತ್ತೀವಿ. ಒಬ್ಬಾಕಿಗೆ ಈಗ 10 ತುಂಬೈತಿ. ಎತ್ತರ 141 ಸೆಂ.ಮೀ., ತೂಕ 38 ಕೆಜಿ, ಬಿಎಂಐ (ಎತ್ತರಕ್ಕ ತಕ್ಕ ತೂಕ ಐತೇನು ಅಂತ ತೋರ್ಸೋ ಅಂಕಿ) 19.1 ಬಂತು. ದೊಡ್ಡವರ ಲೆಕ್ಕದಾಗ 23ರ ಒಳಗ ಇದ್ರ ಸರಿ, ಆದ್ರ ನೋಡಾಕ ದಪ್ಪ ಅದಾಳ. ಮನಿಯವರು ರಾತ್ರಿ ಊಟ ಬಿಡಿಸೋಣೇನ್ರಿ ಅಂತಾರ. ಏನ್ ಹೇಳ್ಬೇಕು?

ಶಾಲಾ ತಪಾಸಣೆ ನರ್ಸ್, ಕೊಪ್ಪಳ:
ಸರ್, ಮೊದಲು ಎತ್ತರ ಇನ್ನೊಮ್ಮೆ ತಗೊಳ್ರಿ. ಹೆಣ್ಣುಮಕ್ಕಳ ಲೆಕ್ಕ ಕೆಡೋದು ಅಲ್ಲೇ. ಮ್ಯಾಲೆ ಕಟ್ಟಿದ ಜಡೆ ಬಿಚ್ಚಿಸ್ರಿ, ಕ್ಲಿಪ್, ಬೂಟು ತೆಗೆಸ್ರಿ. ಹಿಮ್ಮಡಿ, ಬೆನ್ನು ಗೋಡೆಗೆ ತಾಗಿರಬೇಕು, ನೋಟ ನೇರ ಇರಬೇಕು. ಪಟ್ಟಿಯನ್ನ ನೆತ್ತಿಗೆ ಒತ್ತಿ ಹಿಡಿದು ಎರಡು ಸಲ ಅಳೀರಿ. ತೂಕದ ಯಂತ್ರ ಜಮಖಾನದ ಮ್ಯಾಲೆ ಬ್ಯಾಡ, ಗಟ್ಟಿ ನೆಲದ ಮ್ಯಾಲಿರಲಿ. ಖರೇ ಎತ್ತರ 138 ಇದ್ರ ಬಿಎಂಐ 20 ಆಗ್ತದ. ವಿಶ್ವ ಆರೋಗ್ಯ ಸಂಸ್ಥೆಯ 2007ರ ಪಟ್ಟಿ ಪ್ರಕಾರ 10 ವರ್ಷದ ಹುಡುಗಿಗೆ 19 ದಾಟಿದ್ರ ಅಧಿಕ ತೂಕ, 22.6 ದಾಟಿದ್ರ ಬೊಜ್ಜು. ಹುಡುಗರಿಗೆ 18.5 ಮತ್ತು 21.4. ದೊಡ್ಡವರ 23 ಇಲ್ಲಿ ನಡೆಯಂಗಿಲ್ಲ. ಇನ್ನೊಂದು ಮಾತು, ತೂಕ ತರಗತಿ ಎದುರು ಕೂಗಿ ಹೇಳಬ್ಯಾಡ್ರಿ.

ಆಹಾರ ಸಲಹೆಗಾರ್ತಿ, ಬಳ್ಳಾರಿ:
ರಾತ್ರಿ ಊಟ ಖಂಡಿತ ಬಿಡಿಸಬೇಡಿ. ಹಸಿದ ಮಗು ಬಿಸ್ಕತ್ತಿನ ಡಬ್ಬಿಗೇ ಕೈ ಹಾಕುತ್ತದೆ. ಈ ವಯಸ್ಸಿನಲ್ಲಿ ವರ್ಷಕ್ಕೆ ಸುಮಾರು 5 ಸೆಂ.ಮೀ. ಬೆಳೆಯುತ್ತಾರೆ. ಈಗಿನ ಎತ್ತರ 138 ಎಂದೇ ಹಿಡಿದರೂ, ತೂಕ 38ರಲ್ಲೇ ನಿಂತರೆ ಮುಂದಿನ ವರ್ಷ 143 ಸೆಂ.ಮೀ.ಗೆ ಬಿಎಂಐ 18.6; 11 ವರ್ಷಕ್ಕೆ ಗಡಿ 19.9. ಇಳಿಸುವುದೇನೂ ಬೇಕಿಲ್ಲ, ಏರದಂತೆ ನೋಡಿಕೊಂಡರೆ ಸಾಕು.

ಕೈ ಹಾಕಬೇಕಾದ್ದು ಊಟದ ನಡುವಿನ ತಿನಿಸಿಗೆ. 250 ಮಿ.ಲೀ. ತಂಪು ಪಾನೀಯದಲ್ಲೇ ಸುಮಾರು ಐದು ಚಮಚ ಸಕ್ಕರೆ ಇರುತ್ತದೆ. ಸಂಜೆಯ ಮಿರ್ಚಿ-ಮಂಡಕ್ಕಿ ದಿನಾ ಬೇಡ, ವಾರಕ್ಕೊಮ್ಮೆ ಸಾಕು. ಜೋಳದ ರೊಟ್ಟಿ, ಪುಂಡಿಪಲ್ಯ, ಹೆಸರುಕಾಳು ಹೊಟ್ಟೆ ತುಂಬ ತಿನ್ನಲಿ. ಶೇಂಗಾ ಚಟ್ನಿ ಮಾತ್ರ ಒಂದು ಚಮಚ, ಶೇಂಗಾದಲ್ಲಿ ಅರ್ಧದಷ್ಟು ಎಣ್ಣೆಯೇ. ಶಾಲೆಯ ಮೊಟ್ಟೆ ಬಿಡಿಸಬೇಡಿ: ಸುಮಾರು 75 ಕ್ಯಾಲೊರಿ, 6 ಗ್ರಾಂ ಪ್ರೊಟೀನ್.

ದೈಹಿಕ ಶಿಕ್ಷಕ, ಸಿಂಧನೂರು:
ಜಡೆ ಬಿಚ್ಚಿಸಿ ಅಳೆದ್ರ 138 ಬಂತು ಮೇಡಂ. ಏಪ್ರಿಲ್ ಬಿಸಿಲಾಗ ಆಡಿಸೋದು ಹೆಂಗ್ರಿ?

ಮಕ್ಕಳ ವೈದ್ಯ, ರಾಯಚೂರು:
ದಿನಕ್ಕೆ ಒಟ್ಟು 60 ನಿಮಿಷ ಏದುಸಿರು ಬರುವಂಥ ಆಟ ಬೇಕು, ಒಂದೇ ಸಲ ಆಗಬೇಕೆಂದಿಲ್ಲ. ಬೆಳಿಗ್ಗೆ 7ರೊಳಗೆ 30 ನಿಮಿಷ, ಸಂಜೆ 6ರ ನಂತರ 30 ನಿಮಿಷ. ನಡುವೆ ಬೇಕಾದರೆ ನೆರಳಲ್ಲಿ ಹಗ್ಗದಾಟ. ನಿದ್ದೆ ಕನಿಷ್ಠ 9 ತಾಸು. ನಿದ್ದೆಗೆಟ್ಟ ಮಗುವಿಗೆ ಹಸಿವೂ ಜಾಸ್ತಿ, ಆದ್ದರಿಂದ ಮಲಗುವ ಒಂದು ತಾಸು ಮೊದಲೇ ಮೊಬೈಲ್ ತೆಗೆದಿಡಲಿ.

ಕತ್ತಿನ ಹಿಂಭಾಗ ಕಪ್ಪಾಗಿ ದಪ್ಪಗಾಗಿದ್ದರೆ ಸಕ್ಕರೆ ಪರೀಕ್ಷೆ ಮಾಡಿಸಿ. ಸೋಪಿನಿಂದ ತಿಕ್ಕಿದರೆ ಅದು ಹೋಗುವುದಿಲ್ಲ. ತಿಂದು ದಪ್ಪಗಾದ ಮಕ್ಕಳು ಸಾಮಾನ್ಯವಾಗಿ ಓರಗೆಯವರಿಗಿಂತ ಎತ್ತರವೂ ಇರುತ್ತಾರೆ. ತೂಕ ಏರುತ್ತಾ ಎತ್ತರ ನಿಂತಿದ್ದರೆ ಥೈರಾಯ್ಡ್ ನೋಡಿಸಲೇಬೇಕು.