ಕಾಂತಿಮಾನ ‘ಇಳಿಯಿತು’ ಅಂದರೆ ನಕ್ಷತ್ರ ಬೆಳಗಿತೋ, ಮಂಕಾಯಿತೋ?

ಎಲ್ಲರಿಗೂ ನಮಸ್ಕಾರ. ಪದ ಸಿಗುತ್ತಿಲ್ಲ ಅಂತ ಬರೆಯುತ್ತಿಲ್ಲ, ಪದ ಇದೆ: ‘ಕಾಂತಿಮಾನ’, ಅಂದರೆ ನಕ್ಷತ್ರ ಎಷ್ಟು ಹೊಳೆಯುತ್ತದೆ ಅಂತ ಹೇಳುವ ಅಂಕಿ, ಇಂಗ್ಲಿಷಿನ ಮ್ಯಾಗ್ನಿಟ್ಯೂಡ್. ಅದರ ಜೊತೆ ‘ಏರಿತು’ ಅನ್ನಬೇಕೋ ‘ಇಳಿಯಿತು’ ಅನ್ನಬೇಕೋ ಅನ್ನುವುದೇ ಪ್ರಶ್ನೆ.

ಚಿಕ್ಕಮಗಳೂರಿನಲ್ಲಿ ನಾವು ಕೆಲವರು ದೂರದರ್ಶಕ ಇಟ್ಟುಕೊಂಡು ಆಕಾಶ ನೋಡುತ್ತೇವೆ. ಹೊಳಪು ಬದಲಾಗುವ ನಕ್ಷತ್ರ, ಅಪರೂಪಕ್ಕೆ ಸಿಕ್ಕರೆ ಸೂಪರ್‌ನೋವಾ (ಸಿಡಿದು ಬೆಳಗುವ ನಕ್ಷತ್ರ), ಯಾವುದು ಎಷ್ಟು ಹೊಳೆಯುತ್ತಿದೆ ಅಂತ ಬರೆದಿಟ್ಟು ವಾಟ್ಸಾಪ್‌ನಲ್ಲಿ ಕನ್ನಡದಲ್ಲೇ ಹಂಚಿಕೊಳ್ಳುತ್ತೇವೆ. 2023ರ ಮೇ 19ರಂದು ಜಪಾನಿನ ಹವ್ಯಾಸಿ ಕೊಯಿಚಿ ಇಟಗಾಕಿ ಅವರು ಎಂ 101 ಗೆಲಾಕ್ಸಿಯಲ್ಲಿ ಒಂದು ಸೂಪರ್‌ನೋವಾ ಕಂಡುಹಿಡಿದರಲ್ಲ, ಸಪ್ತರ್ಷಿ ಮಂಡಲದ ಬಾಲದ ಹತ್ತಿರ? ತೊಡಕು ಎದ್ದದ್ದು ಆಗಲೇ. ಕಂಡ ದಿನ ಅದರ ಕಾಂತಿಮಾನ 14.9. ಕೆಲವೇ ದಿನಗಳಲ್ಲಿ 11ರ ಹತ್ತಿರ ಬಂತು. ಗುಂಪಿನಲ್ಲೊಬ್ಬರು ‘ಕಾಂತಿಮಾನ 11ಕ್ಕೆ ಇಳಿದಿದೆ’ ಅಂತ ಹಾಕಿದರು. ಮೂಡಿಗೆರೆ ಕಡೆಯವರೊಬ್ಬರು, ಅಲ್ಲಿ ಮೇ ತಿಂಗಳಲ್ಲಿ ಮೋಡ ಬಿಟ್ಟರಲ್ವಾ, ‘ಇಷ್ಟು ಬೇಗ ಮಂಕಾಯ್ತಾ? ಕಡೂರಿನ ಬಯಲಿಗಾದರೂ ಬಂದು ನೋಡೋಣ ಅಂತಿದ್ದೆ’ ಅಂದರು. ಅದು ನೋಡಿದರೆ ಮೂವತ್ತಕ್ಕೂ ಜಾಸ್ತಿ ಪಟ್ಟು ಬೆಳಗಿತ್ತು!

ಅಂಕಿ ಚಿಕ್ಕದಾದಷ್ಟೂ ಹೊಳಪು ಜಾಸ್ತಿ, ಈ ಲೆಕ್ಕ ಬಲ್ಲವರಿಗೆ ಗೊತ್ತು. ಆದರೆ ‘ಮಾನ’ ಅಂದ ಕೂಡಲೇ ನಮ್ಮ ಕಿವಿಗೆ ತಾಪಮಾನ ನೆನಪಾಗುತ್ತದೆ. ತಾಪಮಾನ ಏರಿದರೆ ಬಿಸಿ, ಇಳಿದರೆ ತಂಪು. ಹಾಗೇ ಕಾಂತಿಮಾನ ಇಳಿದರೆ ಕಾಂತಿ ಇಳಿಯಿತು ಅಂತ ಕನ್ನಡಿಗರು ಓದಿಕೊಂಡರೆ ಅದು ಅವರ ತಪ್ಪಲ್ಲ, ಪದವೇ ಆ ಕಡೆ ಎಳೆಯುತ್ತದೆ.

ನನಗೆ ‘ದರ್ಜೆ’ ಇದಕ್ಕಿಂತ ಒಳ್ಳೆಯದು ಅನಿಸುತ್ತದೆ. ಹಳೆಯ ಗ್ರೀಕರು ಮಾಡಿದ್ದೂ ಅದನ್ನೇ. ಬರಿಗಣ್ಣಿಗೆ ಕಾಣುವ ನಕ್ಷತ್ರಗಳನ್ನು ಆರು ದರ್ಜೆಗೆ ಹಂಚಿದರು, ತುಂಬಾ ಹೊಳೆಯುವುದು ಒಂದನೆಯದು. ಐದು ದರ್ಜೆಯ ಅಂತರಕ್ಕೆ ಹೊಳಪಿನಲ್ಲಿ ಸರಿಯಾಗಿ ನೂರು ಪಟ್ಟು ಅನ್ನುವ ಲೆಕ್ಕ ಬಂದದ್ದು ಎಷ್ಟೋ ಕಾಲದ ಮೇಲೆ, 1856ರಲ್ಲಿ, ಖಗೋಳಜ್ಞ ಪಾಗ್ಸನ್ ಅವರಿಂದ. ಕಚೇರಿಯಲ್ಲಿ ಪ್ರಥಮ ದರ್ಜೆ ಸಹಾಯಕರು ದ್ವಿತೀಯ ದರ್ಜೆಯವರಿಗಿಂತ ಮೇಲೆ, ಇದನ್ನು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ‘ದರ್ಜೆ 14.9ರಿಂದ 11ಕ್ಕೆ ಏರಿತು’ ಅಂದರೆ ಅಂಕಿ ಚಿಕ್ಕದಾದರೂ ಅರ್ಥ ಕೆಡುವುದಿಲ್ಲ, ಬೆಳಗಿತು ಅಂತಲೇ ಆಗುತ್ತದೆ.

ತೊಂದರೆ ಇಲ್ಲವೇ ಇಲ್ಲ ಅಂತಲ್ಲ. ‘10.8ನೇ ದರ್ಜೆ’ ನಾಲಿಗೆಗೆ ಹೊಂದುವುದಿಲ್ಲ, ‘ದರ್ಜೆ 10.8’ ಪರವಾಗಿಲ್ಲ. ರಾತ್ರಿಯ ನಕ್ಷತ್ರಗಳಲ್ಲೆಲ್ಲ ಹೆಚ್ಚು ಹೊಳೆಯುವ ಲುಬ್ಧಕದ್ದು (ಸಿರಿಯಸ್) ಮೈನಸ್ 1.46. ಒಂದನೇ ದರ್ಜೆಗಿಂತ ಮೇಲೆ ಸೊನ್ನೆ, ಅದಕ್ಕೂ ಮೇಲೆ ಮೈನಸ್ ದರ್ಜೆ ಅಂದರೆ ಹೊಸಬರು ಒಪ್ಪುತ್ತಾರಾ?

ಇನ್ನೊಂದು ಮಾತು, ಈ ಹೊಳಪು ಹೇಳುವ ಕೆಲಸದ ಬಗ್ಗೆ. ನಾವು ಬಳಸುವ ಆಕಾಶದ ನಕ್ಷೆಯಲ್ಲಿ ಸುತ್ತಲಿನ ನಕ್ಷತ್ರಗಳ ಪಕ್ಕ 106, 112 ಅಂತ ಅಂಕಿ ಇರುತ್ತದೆ. 10.6, 11.2 ಅಂತ ಓದಿಕೊಳ್ಳಬೇಕು. ಚುಕ್ಕೆ ಇಟ್ಟರೆ ಅದನ್ನೇ ನಕ್ಷತ್ರ ಅಂದುಕೊಂಡಾರು ಅಂತ ದಶಮಾಂಶ ಬಿಂದುವನ್ನು ಬಿಟ್ಟಿರುತ್ತಾರೆ. ಸೂಪರ್‌ನೋವಾಕ್ಕಿಂತ ಚೂರು ಜಾಸ್ತಿ ಹೊಳೆಯುವುದೊಂದು, ಚೂರು ಕಡಿಮೆಯದೊಂದು ಆರಿಸಿಕೊಂಡು, ಆ ಎರಡರ ನಡುವೆ ಇದು ಎಲ್ಲಿ ನಿಲ್ಲುತ್ತದೆ ಅಂತ ನೋಡಬೇಕು. 106ರಿಂದ 112ರ ಕಡೆಗೆ ಮೂರರಲ್ಲಿ ಒಂದು ಪಾಲು ದೂರ ಅನಿಸಿದರೆ 10.8. ಕೆಂಪು ನಕ್ಷತ್ರವಾದರೆ ದಿಟ್ಟಿಸಬಾರದು, ನೋಡುತ್ತಾ ನೋಡುತ್ತಾ ಹೊಳಪು ಜಾಸ್ತಿಯಾದಂತೆ ಕಾಣುತ್ತದೆ. ಇದನ್ನು ‘ಅಳೆಯುವುದು’ ಅನ್ನೋಣ ಅಂದರೆ ಇಲ್ಲಿ ಕಣ್ಣು ಬಿಟ್ಟು ಬೇರೆ ಅಳತೆಯ ಸಾಧನ ಇಲ್ಲ. ‘ಅಂದಾಜು’ ಅಂದರೆ ಸುಮ್ನೆ ಬಾಯಿಗೆ ಬಂದದ್ದು ಹೇಳಿದ ಹಾಗೆ ಕೇಳಿಸುತ್ತದೆ, ಪಳಗಿದ ಕಣ್ಣು 0.1, 0.2ರಷ್ಟು ವ್ಯತ್ಯಾಸದ ಒಳಗೇ ಹೇಳುವಾಗ ಆ ಪದ ಅನ್ಯಾಯ. ನಮ್ಮ ಗುಂಪಿನಲ್ಲಿ ಈಗ ‘ಎಷ್ಟಕ್ಕೆ ಕೂರಿಸಿದ್ರಿ?’ ಅಂತ ಕೇಳುತ್ತೇವೆ. ಮಾತಿಗೆ ಚೆನ್ನಾಗಿದೆ. ಬರಹಕ್ಕೆ ಆಗುತ್ತದೆಯೇ?

ವಿಜ್ಞಾನ ಕಲಿಸುವವರು, ಕನ್ನಡದಲ್ಲಿ ಖಗೋಳ ಬರೆಯುವವರು ದಯವಿಟ್ಟು ಹೇಳಿ. ‘ದರ್ಜೆ ಏರಿತು’ ಅಂತ ನಿಮ್ಮ ವಿದ್ಯಾರ್ಥಿಗಳಿಗೆ ಹೇಳಿ ನೋಡಿ, ಬೆಳಗಿತು ಅಂತ ತಿಳಿಯುತ್ತಾರೋ ಇಲ್ಲವೋ ತಿಳಿಸಿ. ‘ಕಾಂತಿಮಾನ’ವನ್ನೇ ಉಳಿಸಿಕೊಳ್ಳಬೇಕು ಅನ್ನುವವರು, ‘ಏರಿತು, ಇಳಿಯಿತು’ ಬದಲು ಯಾವ ಕ್ರಿಯಾಪದ ಬಳಸುತ್ತೀರಿ?