‘ಧ್ರುವೀಕರಣ’: ಸೇರುವುದೋ ಒಡೆಯುವುದೋ?

ಎಲ್ಲರಿಗೂ ನಮಸ್ಕಾರ.

ಅಮೆರಿಕದ ರಾಜಕೀಯದ ಬಗ್ಗೆ ಒಂದು ಲೇಖನ ಅನುವಾದ ಮಾಡಲು ಕೂತವನು ಮೂರು ದಿನದಿಂದ ಒಂದೇ ಪದದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. ಪೋಲರೈಸೇಷನ್. ಅದಕ್ಕೇನು, ಧ್ರುವೀಕರಣ ಇದೆಯಲ್ಲ ಅಂತೀರಿ. ನಾನೂ ಹಾಗೇ ಬರೆದೆ. ಆಮೇಲೆ ಓದಿ ನೋಡಿದರೆ ಯಾಕೋ ಸರಿಹೋಗಲಿಲ್ಲ.

ಚುನಾವಣೆ ಹತ್ತಿರ ಬಂದಾಗ ನಮ್ಮ ಪತ್ರಿಕೆಗಳಲ್ಲಿ ‘ಲಿಂಗಾಯತ ಮತಗಳ ಧ್ರುವೀಕರಣ’, ‘ಅಲ್ಪಸಂಖ್ಯಾತ ಮತಗಳ ಧ್ರುವೀಕರಣ’ ಅಂತ ಬರುತ್ತದಲ್ಲ, ಅಲ್ಲಿ ಅರ್ಥ ಏನು? ಚದುರಿದ್ದ ಮತಗಳೆಲ್ಲ ಒಂದೇ ಕಡೆ ಬಂದು ಬೀಳುವುದು. ಕ್ರೋಡೀಕರಣ ಅಂದರೂ ನಡೆಯುತ್ತದೆ. ಅದೇ ಪತ್ರಿಕೆಯ ಸಂಪಾದಕೀಯದಲ್ಲಿ ‘ಸಮಾಜದ ಧ್ರುವೀಕರಣ’ ಅಂದರೆ ಜನ ಎರಡು ಕಡೆ ಸರಿದು ನಡುವೆ ಯಾರೂ ಉಳಿಯದಿರುವುದು. ಒಂದು ಸೇರುವುದು, ಇನ್ನೊಂದು ಒಡೆಯುವುದು. ಪದ ಮಾತ್ರ ಒಂದೇ!

ಮೂಲದಲ್ಲಿ ಇದು ಬೆಳಕಿನ ಪದ. ಫ್ರಾನ್ಸಿನ ಭೌತವಿಜ್ಞಾನಿ ಮಾಲ್ಯೂಸ್ 1811ರಲ್ಲಿ ಬಳಕೆಗೆ ತಂದದ್ದು. ಎಲ್ಲ ದಿಕ್ಕಿಗೂ ಕಂಪಿಸುತ್ತಿದ್ದ ಬೆಳಕು ಒಂದೇ ದಿಕ್ಕಿಗೆ ಕಂಪಿಸುವ ಹಾಗೆ ಆಗುವುದು. ಹಾಗೆ ನೋಡಿದರೆ ಮತಗಳ ಧ್ರುವೀಕರಣವೇ ಅದಕ್ಕೆ ಜಾಸ್ತಿ ಹತ್ತಿರ, ಅಲ್ವಾ?

ನನ್ನ ತೊಡಕು ಇನ್ನೂ ಮುಂದಿದೆ. ‘ನಿಮ್ಮ ಮಗನೋ ಮಗಳೋ ಎದುರು ಪಕ್ಷದವರನ್ನು ಮದುವೆಯಾದರೆ ಬೇಜಾರಾಗುತ್ತದಾ’ ಅಂತ ಅಮೆರಿಕದ ಸಮೀಕ್ಷೆಯೊಂದರಲ್ಲಿ 1960ರಲ್ಲಿ ಕೇಳಿದಾಗ ಹೌದು ಅಂದ ರಿಪಬ್ಲಿಕನ್ನರು ಶೇ 5ರಷ್ಟು. 2010ರ ಹೊತ್ತಿಗೆ ಹೆಚ್ಚುಕಡಿಮೆ ಅರ್ಧ. ಡೆಮಾಕ್ರಾಟರಲ್ಲೂ ಸುಮಾರು ಮೂವರಲ್ಲಿ ಒಬ್ಬರು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ರಾಜಕೀಯ ವಿಜ್ಞಾನಿ ಶಾಂತೋ ಅಯ್ಯಂಗಾರ್ ಮತ್ತು ಜೊತೆಯವರು ಇದನ್ನು ‘ಅಫೆಕ್ಟಿವ್ ಪೋಲರೈಸೇಷನ್’ ಅನ್ನುತ್ತಾರೆ. ತೆರಿಗೆ, ಬಂದೂಕು, ಗರ್ಭಪಾತದ ಬಗ್ಗೆ ಅಭಿಪ್ರಾಯ ಬೇರೆಯಾಗುವುದು ಒಂದು. ಇದು ಎದುರಿನವನನ್ನು ಕಂಡರೇ ಆಗದಿರುವುದು. ‘ಭಾವನಾತ್ಮಕ ಧ್ರುವೀಕರಣ’ ಅಂತ ಬರೆದರೆ ಓದುಗರು ಸುಮ್ನೆ ಪುಟ ತಿರುಗಿಸುತ್ತಾರೆ.

ಮೊನ್ನೆ ಅಮ್ಮ ಫೋನಿನಲ್ಲಿ ‘ಊರು ಎರಡು ಪಾರ್ಟಿ ಆಗ್ಬಿಟ್ಟಿದೆ ಕಣೋ’ ಅಂದರು. ಮಂಡ್ಯದ ಕಡೆ ನಮ್ಮೂರು. ಗ್ರಾಮ ಪಂಚಾಯ್ತಿ ಚುನಾವಣೆಗೆ ಪಕ್ಷದ ಚಿಹ್ನೆಯೇ ಇರುವುದಿಲ್ಲ, ಆದರೂ ‘ಪಾರ್ಟಿ’. ಅಂದರೆ ಅಮ್ಮನ ಪಾರ್ಟಿ ಕೈಯೂ ಅಲ್ಲ, ಕಮಲವೂ ಅಲ್ಲ, ತೆನೆ ಹೊತ್ತ ಮಹಿಳೆಯೂ ಅಲ್ಲ. ಎದುರು ಮನೆಯವರ ಮಗಳ ಮದುವೆ ಪತ್ರಿಕೆ ನಮ್ಮ ಮನೆಗೆ ಬರಲಿಲ್ಲ. ಒಂದಿದ್ದ ಟೀ ಅಂಗಡಿ ಎರಡಾಗಿದೆ, ಯಾರು ಎಲ್ಲಿ ಕುಡಿಯುತ್ತಾರೆ ಅನ್ನುವುದರ ಮೇಲೆ ಯಾರ ಪಾರ್ಟಿ ಅಂತ ಹೇಳಬಹುದು. ಆ ಅಮೆರಿಕದ ಪ್ರಶ್ನೆ ಅಮ್ಮನಿಗೆ ವಿವರಿಸುವುದೇ ಬೇಕಿಲ್ಲ.

ಆದರೆ ಬರಹದಲ್ಲಿ ‘ಅಮೆರಿಕ ಎರಡು ಪಾರ್ಟಿ ಆಗಿದೆ’ ಅಂದರೆ ನಗೆಪಾಟಲು. ಅಲ್ಲಿ ಇರುವುದೇ ಎರಡು ದೊಡ್ಡ ಪಾರ್ಟಿ! ಒಡಕು ಅಂದರೆ ಅಣ್ಣತಮ್ಮಂದಿರದ್ದೂ ಆಗಬಹುದು, ಗೋಡೆಯದ್ದೂ ಆಗಬಹುದು. ಇಬ್ಭಾಗದಲ್ಲಿ ದ್ವೇಷ ಇಲ್ಲ, ಹಲಸಿನ ಹಣ್ಣನ್ನೂ ಇಬ್ಭಾಗ ಮಾಡುತ್ತೇವೆ. ‘ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು’ ಚೆನ್ನಾಗಿದೆ, ಆದರೆ ಅವೆರಡೂ ಇನ್ನೂ ಒಂದೇ ನೊಗದಲ್ಲಿವೆ.

ಸದ್ಯಕ್ಕೆ ‘ಬಣದ್ವೇಷ’ ಅಂತ ಬರೆದಿಟ್ಟಿದ್ದೇನೆ. ಕಿವಿಗೆ ಹೇಗಿದೆ? ಧಾರವಾಡ, ಕಲಬುರಗಿ, ಕರಾವಳಿ ಕಡೆಯವರು ಊರು ಹೀಗೆ ಎರಡಾದಾಗ ಏನಂತೀರಿ?