ಉದ್ಯೋಗದ ವಿಷಯದಲ್ಲಿ ಪುರಸಭೆಯಿಂದ ಏನನ್ನು ಕೇಳಬಹುದು?

ಪ್ರಶ್ನೆ | ಗದಗ ಜಿಲ್ಲೆಯ ಓದುಗ

ಮಾನ್ಯರೇ, ನಮ್ಮ ವಾರ್ಡಿನ ಸಭೆಯಲ್ಲಿ ಯುವಕರು ಕೆಲಸದ ಮಾತೆತ್ತಿದಾಗ, ಕಾರ್ಖಾನೆ ತರುವುದು ಸರ್ಕಾರಕ್ಕೆ ಬಿಟ್ಟದ್ದು, ಪುರಸಭೆಯದೇನಿದ್ದರೂ ಗಟಾರು, ನಳ, ಬೀದಿದೀಪ ಎಂಬ ಉತ್ತರ ಬಂತು. ಮಗ್ಗವಿದ್ದ ಮನೆಗಳ ಹುಡುಗರು ಈಗ ಬೆಳಗಾದರೆ ಹುಬ್ಬಳ್ಳಿಯ ಬಸ್ಸು ಹತ್ತುತ್ತಿದ್ದಾರೆ. ಸ್ಥಳೀಯ ಸಂಸ್ಥೆಗೆ ಈ ವಿಷಯದಲ್ಲಿ ನಿಜಕ್ಕೂ ಅಧಿಕಾರವಿಲ್ಲವೇ? ಇದ್ದರೆ ಏನನ್ನು ಕೇಳಬೇಕು?

ಉತ್ತರ | ನಿವೃತ್ತ ಪುರಸಭೆ ನೌಕರ, ಹಾವೇರಿ ಜಿಲ್ಲೆ

ಅಧಿಕಾರವಿದೆ, ಆದರೆ ನೀವು ಎಣಿಸಿದಲ್ಲಿ ಇಲ್ಲ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿಯ ಮೂಲಕ ಸೇರಿದ ಹನ್ನೆರಡನೇ ಅನುಸೂಚಿಯ 18 ವಿಷಯಗಳಲ್ಲಿ ಮೂರನೆಯದೇ ಆರ್ಥಿಕ ಮತ್ತು ಸಾಮಾಜಿಕ ಅಭಿವೃದ್ಧಿಯ ಯೋಜನೆ. ಹಾಗಿದ್ದರೂ ಕೈಗಾರಿಕಾ ಪ್ರದೇಶದ ಜಮೀನು ರಾಜ್ಯ ಸರ್ಕಾರದ ಕೈಗಾರಿಕಾ ಪ್ರದೇಶ ಅಭಿವೃದ್ಧಿ ಮಂಡಳಿಯ (ಕೆಐಎಡಿಬಿ) ಕೈಯಲ್ಲಿದೆ, ಸಾಲ ಮತ್ತು ಸಹಾಯಧನದ ಅರ್ಜಿಗಳು ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ ಹೋಗುತ್ತವೆ. ಆದ್ದರಿಂದ ಪುರಸಭೆಯ ಮುಂದೆ ಕಾರ್ಖಾನೆ ಕೇಳುವುದು ವ್ಯರ್ಥ.

ಕೇಳಬೇಕಾದದ್ದು ಬೀದಿಬದಿ ವ್ಯಾಪಾರಿಗಳ ಸಮೀಕ್ಷೆಯನ್ನು. 2014ರ ಕಾಯ್ದೆಯ ಪ್ರಕಾರ ಕನಿಷ್ಠ 5 ವರ್ಷಕ್ಕೊಮ್ಮೆ ಸಮೀಕ್ಷೆ ನಡೆಯಬೇಕು, ಅದು ಮುಗಿದು ಪ್ರಮಾಣಪತ್ರ ಕೊಡುವವರೆಗೆ ಇದ್ದವರನ್ನು ಎಬ್ಬಿಸುವಂತಿಲ್ಲ, ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ. 40ಕ್ಕೆ ಕಡಿಮೆಯಿಲ್ಲದಷ್ಟು ಸದಸ್ಯರು ವ್ಯಾಪಾರಿಗಳೇ ಆಗಿರಬೇಕು. 2020ರಲ್ಲಿ ಬೀದಿಬದಿ ವ್ಯಾಪಾರಿಗಳಿಗೆಂದು ಕೇಂದ್ರದ ಸ್ವನಿಧಿ ಸಾಲ ಆರಂಭವಾದಾಗ ಮೊದಲ ಕಂತು 10,000 ರೂಪಾಯಿ. ಸಮೀಕ್ಷೆಯಲ್ಲಿ ಹೆಸರು ಬಿಟ್ಟುಹೋಗಿದ್ದವರಿಗೆ ಸ್ಥಳೀಯ ಸಂಸ್ಥೆಯ ಶಿಫಾರಸು ಪತ್ರವೇ ಆಧಾರವಾಯಿತು. ಸೊಪ್ಪು ಮಾರುವವರ ಬಂಡವಾಳ ನಮ್ಮ ಒಂದು ಸಹಿಗೆ ಕಾದಿರುತ್ತದೆಂಬುದು ಅಷ್ಟು ವರ್ಷ ನೌಕರಿ ಮಾಡಿದ್ದ ನನಗೂ ಆಗಲೇ ಅರಿವಾದದ್ದು.

ಉತ್ತರ | ಮುದ್ರಣಾಲಯದ ಮಾಲೀಕ, ಗದಗ

ಹಿರಿಯರು ಹೇಳಿದ್ದು ಸರಿ. ಆದರೆ ಪುರಸಭೆಯು ಸ್ವತಃ ಒಬ್ಬ ದೊಡ್ಡ ಗಿರಾಕಿ ಎಂಬುದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಗದಗನ್ನು ಮುದ್ರಣ ಕಾಶಿ ಎಂದು ಹೊಗಳುತ್ತಾರೆ, ಹೊಗಳಿಕೆಯಿಂದ ಕಾಗದದ ಬಾಕಿ ತೀರುವುದಿಲ್ಲ. ಕೆಲವು ವರ್ಷಗಳ ಹಿಂದೆ ಸ್ಥಳೀಯ ಸಂಸ್ಥೆಯೊಂದಕ್ಕೆ ರಸೀದಿ ಪುಸ್ತಕ, ನೋಂದಣಿ ವಹಿಗಳನ್ನು ಮುದ್ರಿಸಿಕೊಟ್ಟ ಬಿಲ್ಲು ಕೈಗೆ ಬರಲು ಹನ್ನೊಂದು ತಿಂಗಳು ಹಿಡಿಯಿತು, ಅಷ್ಟರಲ್ಲಿ ನಮ್ಮ ಬೈಂಡಿಂಗ್ ಕೆಲಸಗಾರರಿಬ್ಬರನ್ನು ಬಿಡಿಸಬೇಕಾಯಿತು. ಸಣ್ಣ ಉದ್ಯಮಗಳಿಗೆ 45 ದಿನಗಳೊಳಗೆ ಹಣ ಪಾವತಿಸಬೇಕೆಂದು 2006ರ ಎಂಎಸ್‌ಎಂಇಡಿ ಕಾಯ್ದೆ ಹೇಳುತ್ತದೆ, ತಡವಾದರೆ ಬಡ್ಡಿಯೂ ಉಂಟು. ದೂರು ಕೊಟ್ಟರೆ ಮುಂದಿನ ಕೆಲಸ ಕೈತಪ್ಪೀತೆಂದು ಅಂಜಿ ನಾನು ಸುಮ್ಮನಿದ್ದೆ, ಅದು ನನ್ನ ತಪ್ಪೂ ಹೌದು.

ಇನ್ನೊಂದು ಮಾತು. ಊರಿನ ಬಡಗಿ, ವೆಲ್ಡಿಂಗ್ ಅಂಗಡಿ, ಮುದ್ರಣಾಲಯ ಬೇರೆಬೇರೆಯಾಗಿ ಮಾಡಬಹುದಾದ ಕೆಲಸಗಳನ್ನು ಒಂದೇ ಟೆಂಡರಿನಲ್ಲಿ ಗಂಟು ಕಟ್ಟಿ, ಮೇಲೆ ವಾರ್ಷಿಕ ವಹಿವಾಟಿನ ಷರತ್ತು ಹಾಕಿದರೆ, ಊರಿನವರು ಅರ್ಜಿ ಹಾಕುವ ಮೊದಲೇ ಹೊರಗುಳಿಯುತ್ತಾರೆ.

ಉತ್ತರ | ಸ್ವಸಹಾಯ ಸಂಘದ ಲೆಕ್ಕ ಬರೆಯುವವಳು, ಬ್ಯಾಡಗಿ

ನಮ್ಮಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸಕ್ಕೆ ಹೆಚ್ಚಾಗಿ ಹೆಂಗಸರೇ ಹೋಗುತ್ತಾರೆ. ಮಾರುಕಟ್ಟೆಯ ಪ್ರಾಂಗಣ ಎಪಿಎಂಸಿಯದು, ಸರಿ. ಆದರೆ ಅವರು ಕೂಸನ್ನು ಬಿಟ್ಟು ಬರುವ ಓಣಿ ಪುರಸಭೆಯದಲ್ಲವೇ? ಗ್ರಾಮ ಪಂಚಾಯಿತಿಗಳಲ್ಲಿ ಕೂಸಿನ ಮನೆ ಎಂಬ ಶಿಶುಪಾಲನಾ ಕೇಂದ್ರ ನಡೆಸುವಂತೆ ಪಟ್ಟಣದಲ್ಲಿಯೂ ಒಂದಿದ್ದರೆ, ಹಂಗಾಮಿನಲ್ಲಿ ಒಬ್ಬೊಬ್ಬರಿಗೆ ವಾರದಲ್ಲಿ ಎರಡು ಮೂರು ದಿನದ ಕೂಲಿ ಹೆಚ್ಚು ಸಿಗುತ್ತದೆ. ಇದಕ್ಕೆ ಕಾರ್ಖಾನೆ ಬೇಕಿಲ್ಲ, ನೀರು ಬರುವ ಶೌಚಾಲಯವಿರುವ ಒಂದು ಕೋಣೆ ಸಾಕು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ವಂದನೆಗಳು. ಮುಂದಿನ ಸಭೆಯಲ್ಲಿ ಊರಿನ ಸಣ್ಣ ಗುತ್ತಿಗೆದಾರರ ಎಷ್ಟು ಬಿಲ್ಲುಗಳು 45 ದಿನ ದಾಟಿ ಬಾಕಿ ಉಳಿದಿವೆ ಎಂಬುದನ್ನೇ ಮೊದಲು ಕೇಳುತ್ತೇನೆ. ಉತ್ತರ ಕೊಡದಿದ್ದರೆ?

ನಿವೃತ್ತ ಪುರಸಭೆ ನೌಕರ

ಮಾಹಿತಿ ಹಕ್ಕಿನ ಅರ್ಜಿ ಹಾಕಿರಿ. ಶುಲ್ಕ 10 ರೂಪಾಯಿ, ಅವಧಿ 30 ದಿನ. ಬಿಲ್ಲು ಸ್ವೀಕರಿಸಿದ ದಿನಾಂಕ ಮತ್ತು ಪಾವತಿಸಿದ ದಿನಾಂಕ, ಎರಡನ್ನೂ ಕೇಳಿರಿ. ಒಂದನ್ನೇ ಕೇಳಿದರೆ ತಡವೆಷ್ಟೆಂಬುದು ತಿಳಿಯುವುದಿಲ್ಲ.